ಅಮೆರಿಕದ ಯೂಟಾ ರಾಜ್ಯದ 1988ರಿಂದೀಚಿನ ವಿಷ ರಾಸಾಯನಿಕ ಬಿಡುಗಡೆಯನ್ನು ಒಂದೇ ರೇಖಾಚಿತ್ರದಲ್ಲಿ ತೋರಿಸುವುದು ಹೇಗೆ?

ರೇಖೆಯನ್ನು ತಲಾವಾರು ಲೆಕ್ಕದಲ್ಲಿ ಎಳೆಯಲೇ, ಚದರ ಮೈಲಿಯ ಲೆಕ್ಕದಲ್ಲಿ ಎಳೆಯಲೇ ಎಂದು ಕೇಳಿದ್ದೀರಿ. ತಲಾವಾರು ಲೆಕ್ಕವೂ ಬೇಡ, ಚದರ ಮೈಲಿಯ ಲೆಕ್ಕವೂ ಬೇಡ. ಆ ರೇಖೆಯನ್ನೇ ಎಳೆಯಬೇಡಿ. ನಿಮ್ಮ ಬಡಾವಣೆಯ ಪಕ್ಕದ ಕಾರ್ಖಾನೆಯ ಪರವಾನಗಿ ಕುರಿತ ಅಹವಾಲು ಸಭೆಯಲ್ಲಿ, ಯೂಟಾದ ಒಟ್ಟು ವಿಷ ರಾಸಾಯನಿಕ ಬಿಡುಗಡೆ ಇಷ್ಟು ವರ್ಷಗಳಲ್ಲಿ ಹೇಗೆ ಏರಿಳಿದಿದೆ ಎಂದು ಒಂದೇ ನೋಟಕ್ಕೆ ಕಾಣುವಂತೆ ತೋರಿಸಬೇಕು ಎಂದಿದ್ದೀರಿ. ಎರಡು ದಶಕಗಳ ಹಿಂದೆ ನಾನೂ ಅದೇ ರಾಜ್ಯದಲ್ಲಿ, ಅಂಥದ್ದೇ ಸಭೆಗೆ, ಅದೇ ರೇಖೆಯನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಅದರಿಂದಾದ ನಷ್ಟವನ್ನು ಅನುಭವಿಸಿದವರು ಆ ಊರಿನ ತಂದೆತಾಯಂದಿರು.

ಆಗ ನಾನು ಸಾಲ್ಟ್ ಲೇಕ್ ನಗರದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದೆ. ಕಣಿವೆಯ ಪಶ್ಚಿಮ ಭಾಗದ ಒಂದು ಊರಿನಲ್ಲಿ ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹಕ್ಕೆ ಕ್ರೋಮಿಯಂ ಲೇಪ, ಮಾಡುವ ಕಾರ್ಖಾನೆಯೊಂದು ಇನ್ನಷ್ಟು ತೊಟ್ಟಿಗಳನ್ನು ಅಳವಡಿಸಲು ಅನುಮತಿ ಕೇಳಿತ್ತು. ಅದರ ಹಿಂಬದಿಯ ಬೇಲಿಗೆ ಹೊಂದಿಕೊಂಡೇ ಪ್ರಾಥಮಿಕ ಶಾಲೆಯ ಆಟದ ಮೈದಾನವಿತ್ತು. ಊರಿನ ಕೆಲವರು ಸೇರಿ ಆಕ್ಷೇಪ ಸಲ್ಲಿಸಲು ಹೊರಟಿದ್ದರು. ಅಂಕಿ ಅಂಶಗಳನ್ನು ಓದಬಲ್ಲವರೊಬ್ಬರು ಅವರಿಗೆ ಬೇಕಾಗಿದ್ದರು. ನಾನು ಸಂತೋಷದಿಂದ ಒಪ್ಪಿಕೊಂಡೆ.

ನೀವು ಬಳಸಬೇಕೆಂದಿರುವ ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ, ಅಂದರೆ ಟಿಆರ್‌ಐ, ನನಗೂ ಆಗ ಹೊಸದು. ಕಾರ್ಖಾನೆಗಳು ತಾವು ಹೊರಬಿಟ್ಟ ವಿಷ ರಾಸಾಯನಿಕಗಳ ಬಗ್ಗೆ ಪ್ರತಿವರ್ಷ ಸಲ್ಲಿಸುವ ವರದಿಗಳ ಸರ್ಕಾರಿ ದಾಖಲೆ ಅದು. ಅದರ ಹುಟ್ಟಿನ ಕಥೆಯನ್ನು ತಿಳಿದಾಗ ಅದರ ಮೇಲೆ ನನಗೆ ಒಂದು ರೀತಿಯ ಭಕ್ತಿಯೇ ಮೂಡಿತ್ತು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಮರುವರ್ಷ ಆಗಸ್ಟಿನಲ್ಲಿ ಅದೇ ಕಂಪನಿಯ ವೆಸ್ಟ್ ವರ್ಜೀನಿಯಾದ ಘಟಕದಿಂದಲೂ ವಿಷಾನಿಲ ಸೋರಿತು. ಕಾರ್ಖಾನೆಯೊಳಗೆ ಏನಿದೆ, ಹೊರಗೆ ಏನು ಬರುತ್ತಿದೆ ಎಂದು ತಿಳಿಯುವುದು ನೆರೆಹೊರೆಯವರ ಹಕ್ಕು ಎಂಬ ಕಾನೂನನ್ನು ಅಮೆರಿಕ 1986ರಲ್ಲಿ ಮಾಡಿದ್ದು ಇದರ ಬೆನ್ನಿಗೆ. ಹೀಗೆ ನಮ್ಮ ನಾಡಿನವರ ಸಾವುಗಳಿಂದ ಹುಟ್ಟಿದ ಈ ದಾಖಲೆಯನ್ನು ಅಡ್ಡಾದಿಡ್ಡಿಯಾಗಿ ಬಳಸಬಾರದು ಎಂಬ ಕಾಳಜಿಯಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನನ್ನ ತಪ್ಪು ಹೀಗಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಪ್ರಕಟಿಸಿದ ಕೋಷ್ಟಕಗಳಿಂದ ಯೂಟಾದ ಎಲ್ಲ ಕಾರ್ಖಾನೆಗಳ, ಎಲ್ಲ ರಾಸಾಯನಿಕಗಳ, ಗಾಳಿ, ನೀರು, ನೆಲ ಎನ್ನದೆ ಎಲ್ಲ ಬಗೆಯ ಬಿಡುಗಡೆಗಳ ಪೌಂಡುಗಳನ್ನು ವರ್ಷವಾರು ಕೂಡಿಸಿ ರೇಖೆ ಎಳೆದೆ. ಹತ್ತು ವರ್ಷ ನಿಧಾನವಾಗಿ ಸಾಗಿದ ರೇಖೆ 1998ರಲ್ಲಿ ಗೋಡೆಯಂತೆ ನೇರವಾಗಿ ಮೇಲೆದ್ದಿತು. ನನಗೆ ಎದೆ ಝಲ್ಲೆಂದಿತು. ಇಷ್ಟು ದೊಡ್ಡ ಅನಾಹುತವನ್ನು ಯಾರೂ ಗಮನಿಸಿಲ್ಲವಲ್ಲ ಎಂದುಕೊಂಡೆ. ಒಂದೇ ವರ್ಷದಲ್ಲಿ ರಾಜ್ಯದ ಮಾಲಿನ್ಯ ಹಲವು ಪಟ್ಟು ಹೆಚ್ಚಿದೆ ಎಂದು ಊರಿನವರ ಮನವಿಯ ಮೊದಲ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಬರೆದೆ.

ಹೆಚ್ಚಿದ್ದು ಮಾಲಿನ್ಯವಲ್ಲ, ವರದಿ ಸಲ್ಲಿಸಬೇಕಾದವರ ಪಟ್ಟಿ. ಆರಂಭದಲ್ಲಿ ಟಿಆರ್‌ಐ ಉತ್ಪಾದನಾ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1998ರ ವರದಿ ವರ್ಷದಿಂದ ಲೋಹದ ಗಣಿಗಳು, ಕಲ್ಲಿದ್ದಲು ಗಣಿಗಳು, ಕಲ್ಲಿದ್ದಲು ಮತ್ತು ತೈಲ ಉರಿಸುವ ವಿದ್ಯುತ್ ಸ್ಥಾವರಗಳು, ಅಪಾಯಕಾರಿ ತ್ಯಾಜ್ಯ ಸಂಸ್ಕರಿಸುವ ಘಟಕಗಳು ಮುಂತಾದ ಏಳು ವಲಯಗಳನ್ನು ಅದರೊಳಗೆ ತಂದರು. ಯೂಟಾದಲ್ಲಿ ಇದರ ಅರ್ಥವೇನೆಂದರೆ, ಓಕರ್ ಬೆಟ್ಟಸಾಲಿನ ಬಿಂಗ್‌ಹ್ಯಾಮ್ ಕಣಿವೆಯ ಬೃಹತ್ ತಾಮ್ರದ ಗಣಿ ಲೆಕ್ಕದೊಳಗೆ ಬಂತು. ಗಣಿಯ ಗುಂಡಿಯಿಂದ ಎತ್ತಿದ ಕಲ್ಲಿನಲ್ಲಿ ಸೀಸ, ಆರ್ಸೆನಿಕ್, ತಾಮ್ರದ ಸಂಯುಕ್ತಗಳು ಸಹಜವಾಗಿಯೇ ಅಲ್ಪ ಪ್ರಮಾಣದಲ್ಲಿರುತ್ತವೆ. ಆ ಕಲ್ಲನ್ನು ಅದೇ ಆವರಣದ ಇನ್ನೊಂದು ಜಾಗಕ್ಕೆ ಸುರಿದರೂ ಕಾನೂನಿನ ಭಾಷೆಯಲ್ಲಿ ಅದು ನೆಲಕ್ಕೆ ಆದ ಬಿಡುಗಡೆ. ಕಲ್ಲಿನ ಪ್ರಮಾಣ ಊಹೆಗೂ ಮೀರಿದ್ದಾದ್ದರಿಂದ ಅಲ್ಪ ಪ್ರಮಾಣವೂ ಕೋಟಿಗಟ್ಟಲೆ ಪೌಂಡ್ ಆಗುತ್ತದೆ. 1997ರಲ್ಲಿಯೂ ಅಲ್ಲಿ ಅದೇ ಕೆಲಸ ನಡೆಯುತ್ತಿತ್ತು. ಬರೆದುಕೊಳ್ಳುವವರು ಇರಲಿಲ್ಲ, ಅಷ್ಟೆ.

ಅಹವಾಲು ಸಭೆಯಲ್ಲಿ ಕಾರ್ಖಾನೆಯ ಪರವಾಗಿ ಬಂದಿದ್ದ ಸಲಹೆಗಾರರು ಇದನ್ನು ಬಹಳ ಸೌಜನ್ಯದಿಂದ, ಕೆಲವೇ ಮಾತುಗಳಲ್ಲಿ ವಿವರಿಸಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: ಮೊದಲ ಪುಟದ ಅಂಕಿಯೇ ಹೀಗಿರುವಾಗ ಉಳಿದ ಪುಟಗಳನ್ನು ಯಾವ ಆಧಾರದ ಮೇಲೆ ನಂಬಬೇಕು? ಉಳಿದ ಪುಟಗಳಲ್ಲಿ ಇದ್ದದ್ದು ತಾಯಂದಿರು ತಾವೇ ಬರೆದಿಟ್ಟ ದಿನಚರಿ, ಗಾಳಿ ಯಾವ ದಿಕ್ಕಿನಿಂದ ಬೀಸಿದಾಗ ಮೈದಾನದಲ್ಲಿ ವಾಸನೆ ಬರುತ್ತದೆ ಎಂಬ ಟಿಪ್ಪಣಿ, ಕಾರ್ಖಾನೆ ತಾನೇ ಸಲ್ಲಿಸಿದ್ದ ಕ್ರೋಮಿಯಂ ಲೆಕ್ಕ. ಎಲ್ಲವೂ ಗಟ್ಟಿಯಾದ ಸಾಕ್ಷ್ಯ, ಆದರೆ ಯಾರೂ ಅಲ್ಲಿಯವರೆಗೆ ಹೋಗಲಿಲ್ಲ. ಚರ್ಚೆಯೆಲ್ಲ ತಾಮ್ರದ ಗಣಿಯ ಸುತ್ತಲೇ ಮುಗಿಯಿತು, ಅನುಮತಿ ಸಿಕ್ಕಿತು.

ತಪ್ಪಿನ ಆಳ ಇಷ್ಟೇ ಅಲ್ಲ. ನೀವು ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನು. 1998ರ ಏರಿಕೆಯ ಕಾರಣ ನನಗೆ ಮೊದಲೇ ಗೊತ್ತಿದ್ದು, ಅದನ್ನು ಸರಿಪಡಿಸಿಕೊಂಡೇ ಹೋಗಿದ್ದರೂ ಆ ರೇಖೆ ಊರಿನವರಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಶಾಲೆಯ ಹಿಂದಿನ ಹೊಗೆಕೊಳವೆಯಿಂದ ಬರುತ್ತಿದ್ದ ಕ್ರೋಮಿಯಂ ವರ್ಷಕ್ಕೆ ಕೆಲವೇ ಪೌಂಡ್. ರಾಜ್ಯದ ಮೊತ್ತದಲ್ಲಿ ಅದು ದಶಮಾಂಶದ ಆಚೆಗೂ ಕಾಣುವುದಿಲ್ಲ. ಆದರೆ ಪ್ಲೇಟಿಂಗ್ ತೊಟ್ಟಿಯಿಂದ ಮಂಜಿನಂತೆ ಏಳುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು ಎಂದು ದೃಢಪಟ್ಟಿರುವ ವಸ್ತು. ಬೆಟ್ಟದ ಮೇಲೆ ರಾಶಿ ಬಿದ್ದ ಕಲ್ಲಿನೊಳಗಿನ ತಾಮ್ರದ ಒಂದು ಪೌಂಡನ್ನೂ ಮಗುವಿನ ಮೂಗಿನ ಎತ್ತರದಲ್ಲಿ ತೇಲುವ ಈ ಕ್ರೋಮಿಯಂನ ಒಂದು ಪೌಂಡನ್ನೂ ಕೂಡಿಸಿ ಎರಡು ಎಂದು ಬರೆಯುವ ಲೆಕ್ಕದಿಂದ ಆ ಮಗುವಿಗೆ ನ್ಯಾಯ ಸಿಗುವುದಿಲ್ಲ. ಇಳಿಮುಖದ ರೇಖೆ ಸಿಕ್ಕಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು: ರಾಜ್ಯ ಶುದ್ಧವಾಗುತ್ತಿದೆ ಎಂದು ನಮ್ಮ ಕಾಗದವನ್ನೇ ಎತ್ತಿ ತೋರಿಸುತ್ತಿದ್ದರು.

ಟಿಆರ್‌ಐ ಲೆಕ್ಕದಲ್ಲಿ 1998 ಒಂದೇ ಬಿರುಕಲ್ಲ. 1995ರ ವರದಿ ವರ್ಷಕ್ಕೆ 286 ರಾಸಾಯನಿಕಗಳು ಹೊಸದಾಗಿ ಸೇರಿದವು. 2000ದಲ್ಲಿ ಪಾದರಸ, ಡಯಾಕ್ಸಿನ್‌ನಂಥವುಗಳ ವರದಿ ಮಿತಿಯನ್ನು, ಅಂದರೆ ಎಷ್ಟು ಮೀರಿದರೆ ವರದಿ ಕಡ್ಡಾಯವೋ ಆ ಪ್ರಮಾಣವನ್ನು, ತೀರಾ ಕೆಳಗಿಳಿಸಿದರು, ಮರುವರ್ಷ ಸೀಸದ ಮಿತಿ 100 ಪೌಂಡಿಗೆ ಬಂತು. ಇಳಿಕೆಗಳೂ ಹೀಗೆಯೇ. ತ್ಯಾಜ್ಯ ಶಿಲೆಯಲ್ಲಿ ತೀರಾ ಅಲ್ಪ ಪ್ರಮಾಣದಲ್ಲಿರುವ ವಸ್ತುಗಳಿಗೆ ವಿನಾಯಿತಿ ಅನ್ವಯಿಸಬಹುದು ಎಂದು 2003ರಲ್ಲಿ ಚಿನ್ನದ ಗಣಿ ಕಂಪನಿಯೊಂದರ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿದ ಮೇಲೆ, ಒಂದೇ ಒಂದು ಕಲ್ಲು ಕದಲದೆಯೂ ಗಣಿಗಳ ಮೊತ್ತ ಕಡಿಮೆಯಾಗಲು ದಾರಿಯಾಯಿತು. 2006ರ ಕೊನೆಯಲ್ಲಿ ಹೆಚ್ಚು ಕಾರ್ಖಾನೆಗಳು ಚಿಕ್ಕ ನಮೂನೆಯಲ್ಲಿಯೇ ವರದಿ ಮುಗಿಸಲು ಅವಕಾಶ ಕೊಟ್ಟರು. 2009ರಲ್ಲಿ ಸಂಸತ್ತು ಅದನ್ನು ಹಿಂತೆಗೆಸಿತು. ಈ ಕಾರಣಕ್ಕೆ ಒಂದು ಮಾತು: ಯಾವ ವರ್ಷದಿಂದ ಹೋಲಿಕೆ ಆರಂಭಿಸಿದರೂ, ಆ ವರ್ಷದಲ್ಲಿ ಪಟ್ಟಿಯಲ್ಲಿದ್ದ ರಾಸಾಯನಿಕಗಳನ್ನು ಮತ್ತು ವಲಯಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೈಬಿಡಿ. ಈ ದಾಖಲೆಯನ್ನು ಹುಡುಕಿ ನೋಡಲು ಇಪಿಎ ಜಾಲತಾಣದಲ್ಲಿರುವ ಟಿಆರ್‌ಐ ಎಕ್ಸ್‌ಪ್ಲೋರರ್‌ನಲ್ಲಿ ಇದಕ್ಕೆಂದೇ ‘ಕೋರ್ ಕೆಮಿಕಲ್ಸ್’ ಎಂಬ ಆಯ್ಕೆಯಿದೆ. ನನ್ನ ಕಣ್ಣಿಗೆ ಅದು ಆಗ ಬೀಳಲಿಲ್ಲ, ಹುಡುಕಲೂ ಇಲ್ಲ.

ಹಾಗಾದರೆ ಸಭೆಗೆ ಏನನ್ನು ಒಯ್ಯಬೇಕು? ನಿಮ್ಮ ಪಕ್ಕದ ಆ ಒಂದು ಕಾರ್ಖಾನೆಯನ್ನು, ಅದರ ಒಂದೊಂದು ರಾಸಾಯನಿಕವನ್ನು, ಅದು ಹೊರಬರುವ ಒಂದೊಂದು ದಾರಿಯನ್ನು. ಕಾರ್ಖಾನೆ ಟಿಆರ್‌ಐಗೆ ಸಲ್ಲಿಸುವ ಫಾರ್ಮ್ ಆರ್ ಎಂಬ ವರದಿಯಲ್ಲಿ ಹೊಗೆಕೊಳವೆಯ ಮೂಲಕ ಹೋದದ್ದು ಬೇರೆ, ಕಿಟಕಿ, ಕವಾಟ, ಕೊಳವೆಯ ಕೀಲುಗಳಿಂದ ಸೋರಿದ್ದು ಬೇರೆ, ನೀರಿಗೆ ಬಿಟ್ಟದ್ದು, ನೆಲದಾಳಕ್ಕೆ ಇಳಿಸಿದ್ದು, ಹೊರಗೆ ಸಾಗಿಸಿದ್ದು ಎಲ್ಲವೂ ಬೇರೆ ಬೇರೆಯಾಗಿ ಇರುತ್ತವೆ. ಮನೆಗಳ ಹತ್ತಿರ ಇರುವವರಿಗೆ ಸೋರಿದ್ದೇ ಹೆಚ್ಚು ಮುಖ್ಯ, ಏಕೆಂದರೆ ಅದು ಎತ್ತರದಿಂದ ಚದುರುವುದಿಲ್ಲ. ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನು ಹೇಗೆ ಲೆಕ್ಕ ಹಾಕಿದರು ಎಂಬ ಸಂಕೇತವಿರುತ್ತದೆ: ಅಳೆದದ್ದೋ, ಒಳಬಂದ ಹೊರಹೋದ ವಸ್ತುವಿನ ತಾಳೆಯೋ, ಪ್ರಕಟಿತ ಗುಣಾಂಕದಿಂದ ಗುಣಿಸಿದ್ದೋ. ಟಿಆರ್‌ಐ ಯಾರಿಗೂ ಹೊಸದಾಗಿ ಅಳೆಯಿರಿ ಎಂದು ಹೇಳುವುದಿಲ್ಲ. ಕೈಯಲ್ಲಿರುವ ಮಾಹಿತಿಯಿಂದ ಅಂದಾಜಿಸಿದರೆ ಸಾಕು. ಒಂದು ವರ್ಷ ಬಿಡುಗಡೆ ಅರ್ಧಕ್ಕೆ ಇಳಿದಂತೆ ಕಂಡು, ಅದೇ ವರ್ಷ ಈ ಸಂಕೇತವೂ ಬದಲಾಗಿದ್ದರೆ, ಇಳಿದದ್ದು ಹೊಗೆಯೋ ಗುಣಾಂಕವೋ ಎಂದು ನೀವು ಕೇಳಲೇಬೇಕು. ಉತ್ಪಾದನಾ ಅನುಪಾತ ಎಂಬ ಇನ್ನೊಂದು ಅಂಕಿಯೂ ಇದೆ. ಹಿಂದಿನ ವರ್ಷಕ್ಕಿಂತ ಕೆಲಸವೇ ಕಡಿಮೆಯಾಗಿದ್ದರೆ ಬಿಡುಗಡೆ ಇಳಿದದ್ದು ಸುಧಾರಣೆಯಲ್ಲ.

ಸೊನ್ನೆಯನ್ನು ಕಂಡರೆ ಸಮಾಧಾನಪಡಬೇಡಿ. ಸಾಮಾನ್ಯ ರಾಸಾಯನಿಕಗಳನ್ನು ತಯಾರಿಸುವ ಅಥವಾ ಸಂಸ್ಕರಿಸುವವರಿಗೆ ವರ್ಷಕ್ಕೆ 25,000 ಪೌಂಡ್, ಬೇರೆ ರೀತಿಯಲ್ಲಿ ಬಳಸುವವರಿಗೆ 10,000 ಪೌಂಡ್ ಮೀರಿದರೆ ಮಾತ್ರ ವರದಿ ಕಡ್ಡಾಯ. ಹತ್ತು ಪೂರ್ಣಾವಧಿ ನೌಕರರಿಗಿಂತ ಕಡಿಮೆ ಇದ್ದರೆ ಅದೂ ಇಲ್ಲ. ವರದಿ ನಿಂತಿತು ಎಂದರೆ ಬಿಡುಗಡೆ ನಿಂತಿತು ಎಂದಲ್ಲ. ಹಾಗೆಯೇ ‘ಕ್ರೋಮಿಯಂ ಸಂಯುಕ್ತಗಳು’ ಎಂಬ ಸಾಲಿನಲ್ಲಿ ಹೆಕ್ಸಾವೇಲೆಂಟ್ ಎಷ್ಟು, ಅಷ್ಟೊಂದು ಅಪಾಯವಿಲ್ಲದ ಟ್ರೈವೇಲೆಂಟ್ ಎಷ್ಟು ಎಂದು ಬೇರ್ಪಡಿಸಿರುವುದಿಲ್ಲ. ಅದನ್ನು ತಿಳಿಯಲು ಪರವಾನಗಿಯ ಕಡತ ಮತ್ತು ಹೊಗೆಕೊಳವೆಯ ಪರೀಕ್ಷಾ ವರದಿಯನ್ನೇ ಕೇಳಿ ಪಡೆಯಬೇಕು.

ಪ್ಲೇಟಿಂಗ್ ವಿಷಯ ನನ್ನನ್ನು ಇಂದಿಗೂ ಕಾಡುವುದಕ್ಕೆ ಇನ್ನೊಂದು ಕಾರಣವಿದೆ. ಇಪಿಎ 1995ರಲ್ಲಿ ಕ್ರೋಮ್ ತೊಟ್ಟಿಗಳಿಗೆ ವಾಯು ನಿಯಮ ತಂದಿತು. ಆ ಮಂಜನ್ನು ಹತ್ತಿಕ್ಕಲು ಅನೇಕ ಕಡೆ ತೊಟ್ಟಿಗೆ ಪಿಎಫ್‌ಒಎಸ್ ಎಂಬ ರಾಸಾಯನಿಕ ಇರುವ ದ್ರಾವಣವನ್ನು ಬೆರೆಸುತ್ತಿದ್ದರು. ಕ್ರೋಮಿಯಂ ರೇಖೆ ಇಳಿಯಿತು, ಆದರೆ ಎಂದೂ ಕೊಳೆಯದ ಇನ್ನೊಂದು ವಿಷ ಚರಂಡಿಯ ನೀರಿಗೆ ಸೇರಿತು. 2012ರ ತಿದ್ದುಪಡಿಯಿಂದಾಗಿ 2015ರ ಸೆಪ್ಟೆಂಬರ್ ನಂತರ ಅದನ್ನು ಬೆರೆಸುವುದು ನಿಂತಿತು. ಟಿಆರ್‌ಐ ಪಟ್ಟಿಗೆ ಅದು ಸೇರಿದ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳು ಬಂದದ್ದು 2020ರ ವರದಿ ವರ್ಷದಲ್ಲಿ, 172 ಹೆಸರುಗಳೊಂದಿಗೆ. ಅಂದರೆ ಆ ಎಲ್ಲ ವರ್ಷಗಳಲ್ಲಿ ಯಾವ ರೇಖಾಚಿತ್ರದಲ್ಲಿಯೂ ಅದರ ಸುಳಿವಿರಲಿಲ್ಲ.

ರಾಜ್ಯದ ಚಿತ್ರ ಇಲ್ಲದೆ ಜನರಿಗೆ ಮನವರಿಕೆಯಾಗುವುದಿಲ್ಲ ಎಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ಇಲಿನಾಯ್‌ನ ವಿಲೋಬ್ರೂಕ್‌ನಲ್ಲಿ ವೈದ್ಯಕೀಯ ಸಲಕರಣೆಗಳನ್ನು ಎಥಿಲೀನ್ ಆಕ್ಸೈಡ್‌ನಿಂದ ಶುದ್ಧೀಕರಿಸುತ್ತಿದ್ದ ಘಟಕವನ್ನು ಗಮನಿಸಿ. ಪೌಂಡಿನ ಲೆಕ್ಕದಲ್ಲಿ ಅದು ಆ ರಾಜ್ಯದ ದೊಡ್ಡ ಹೆಸರುಗಳಲ್ಲಿ ಎಲ್ಲಿಯೂ ಇರಲಿಲ್ಲ. ಆ ಅನಿಲ ಹಿಂದೆ ಭಾವಿಸಿದ್ದಕ್ಕಿಂತ ವಯಸ್ಕರಿಗೆ ಸುಮಾರು ಮೂವತ್ತು ಪಟ್ಟು ಹೆಚ್ಚು ಕ್ಯಾನ್ಸರ್‌ಕಾರಕ ಎಂದು ಇಪಿಎ 2016ರಲ್ಲಿ ಹೇಳಿತು. 2018ರಲ್ಲಿ ಆ ಊರಿನ ಗಾಳಿಯ ಮಾಹಿತಿ ಹೊರಬಂತು. ಜನ ಎದ್ದು ನಿಂತರು. 2019ರಲ್ಲಿ ಘಟಕ ಮುಚ್ಚಿತು. ಅವರು ಹಿಡಿದು ನಿಂತದ್ದು ಒಂದು ಘಟಕ, ಒಂದು ಅನಿಲ. ನಿಮ್ಮ ರಾಜ್ಯದಲ್ಲಿಯೇ ಗ್ರೇಟ್ ಸಾಲ್ಟ್ ಲೇಕ್‌ನ ಪಶ್ಚಿಮ ದಡದ ರೌಲಿಯಲ್ಲಿರುವ ಮೆಗ್ನೀಷಿಯಂ ಕಾರ್ಖಾನೆ 1990ರ ದಶಕದಲ್ಲಿ ಕ್ಲೋರಿನ್‌ನಿಂದಾಗಿ ದೇಶದ ವಾಯು ಬಿಡುಗಡೆಯ ಪಟ್ಟಿಯ ತುದಿಯಲ್ಲಿತ್ತು. ಹೊಸ ವಿದ್ಯುದ್ವಿಭಜನ ಕೋಶಗಳು ಬಂದ ಮೇಲೆ ಕ್ಲೋರಿನ್ ನಿಜವಾಗಿಯೂ ಇಳಿಯಿತು. ಅದು ಸಾಧನೆಯೇ. ಆದರೆ ಅದೇ ಜಾಗದ ತ್ಯಾಜ್ಯ ಕೊಳಗಳಲ್ಲಿ ಡಯಾಕ್ಸಿನ್, ಹೆಕ್ಸಾಕ್ಲೋರೋಬೆಂಜೀನ್ ಇದ್ದ ಕಾರಣ 2009ರಲ್ಲಿ ಅದನ್ನು ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಶುದ್ಧೀಕರಿಸಬೇಕಾದ ತೀವ್ರ ಮಲಿನ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ, ಸೇರಿಸಬೇಕಾಯಿತು.

ಹೋಲಿಕೆ ಬೇಕೇ ಬೇಕು ಎನಿಸಿದರೆ ಪೌಂಡ್ ಬಿಟ್ಟು ಇಪಿಎಯ ಆರ್‌ಎಸ್‌ಇಐ ಮಾದರಿಯನ್ನು ನೋಡಿ. ಅದು ವಿಷತ್ವ, ಗಾಳಿಯ ಹರಿವು, ಸುತ್ತಲಿನ ಜನಸಂಖ್ಯೆ ಮೂರನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಅದರ ಅಂಕವೂ ಯಾರಿಗೆ ಎಷ್ಟು ಅಪಾಯ ಎಂಬುದರ ಅಳತೆಯಲ್ಲ, ಎಲ್ಲಿ ಮೊದಲು ನೋಡಬೇಕು ಎಂಬ ಸೂಚನೆ ಮಾತ್ರ. ಮನವಿಯಲ್ಲಿ ಅದನ್ನು ಹಾಗೆಯೇ ಬರೆಯಿರಿ. ಗುಂಪಿನಲ್ಲಿ ಲೆಕ್ಕ ಬಲ್ಲ ಇನ್ನೊಬ್ಬರಿದ್ದರೆ ಕರಡನ್ನು ಕಾರ್ಖಾನೆಯ ಕಡೆಯವರಂತೆ ಓದಿ ತಪ್ಪು ಹುಡುಕಲು ಅವರಿಗೆ ಕೊಡಿ. ಆಕ್ಷೇಪಗಳನ್ನು ಗಡುವಿನೊಳಗೆ ಲಿಖಿತವಾಗಿ ಸಲ್ಲಿಸಿ, ಏಕೆಂದರೆ ಈಗ ದಾಖಲೆಗೆ ಬಾರದ ವಿಷಯವನ್ನು ಮುಂದೆ ಮೇಲ್ಮನವಿಯಲ್ಲಿ ಎತ್ತುವುದು ಬಹಳ ಕಷ್ಟ. ಹಿಂದಿನ ವರ್ಷದ ಫಾರ್ಮ್ ಆರ್ ಸಲ್ಲಿಸಲು ಕಾರ್ಖಾನೆಗಳಿಗೆ ಜುಲೈ 1ರವರೆಗೆ ಅವಕಾಶವಿದೆ. ನಿಮ್ಮ ಸಭೆ ಅದರ ನಂತರವಿದ್ದರೆ ಹೊಸ ವರದಿಯನ್ನೂ ನೋಡಿಯೇ ಹೋಗಿ, ಇಲ್ಲವಾದರೆ ಹಳೆಯ ಅಂಕಿ ಎಂಬ ಒಂದೇ ಕಾರಣಕ್ಕೆ ನಿಮ್ಮ ಮನವಿಯನ್ನು ಬದಿಗಿಡುತ್ತಾರೆ.