ಡೈಸರ್‌ನ ಅಳತೆಕೋಲು ಎಲ್ಲಿದೆ?
ಸೋಮವಾರಪೇಟೆಯ ನಿಮ್ಮ ತೋಟದಲ್ಲಿ ಏಲಕ್ಕಿಗೆ ವೈರಸ್ ತರುವ ಕಟ್ಟೆ ರೋಗ ಬಂದಿದೆ, ಗಿಡದ ಡೈಸರ್ ಎಂಬ ಕತ್ತರಿ ಪ್ರೋಟೀನ್ ವೈರಸ್‌ನ ಆರ್‌ಎನ್‌ಎಯನ್ನು (ಅದರ ವಂಶವಾಹಿ ಎಳೆಯನ್ನು) ಒಂದೇ ಅಳತೆಗೆ ಕತ್ತರಿಸುವುದು ಹೇಗೆ ಎಂದು ಕೇಳಿದ್ದೀರಿ. ಉತ್ತರ ಆ ಪ್ರೋಟೀನಿನ ಆಕಾರದಲ್ಲೇ ಇದೆ. ಅದರ ಪಾಜ್ ಭಾಗ ಜೋಡಿ ಎಳೆಯ ಆರ್‌ಎನ್‌ಎಯ ತುದಿಯನ್ನು ಹಿಡಿಯುತ್ತದೆ. ಅಲ್ಲಿಂದ ನಿಗದಿತ ದೂರದಲ್ಲಿ ಎಳೆಗೊಂದರಂತೆ ಎರಡು ಕತ್ತರಿಗಳಿವೆ. ಆ ದೂರವೇ ಅಳತೆಕೋಲು. ಕಾಫಿ ಗುಣಿಗೆ ಕೋಲು ಹಿಡಿದು ಗುರುತು ಹಾಕಿದವರಿಗೆ ಇದು ತಟ್ಟನೆ ಹೊಳೆಯುತ್ತದೆ, ನನಗಂತೂ ಬಹಳ ಸುಂದರವಾಗಿ ಕಾಣುತ್ತದೆ. ಆದರೆ ಸಸ್ಯಗಳಲ್ಲಿ ಬೇರೆ ಬೇರೆ ಅಳತೆಯ ಹಲವು ಡೈಸರ್‌ಗಳಿರುವುದರಿಂದ 21, 22, 24 ಆರ್‌ಎನ್‌ಎ ಅಕ್ಷರಗಳ (ನ್ಯೂಕ್ಲಿಯೋಟೈಡ್‌ಗಳ) ತುಂಡುಗಳು ಬರುತ್ತವೆ.

ಮುಂದೆ ಆರ್ಗೊನಾಟ್ ಎಂಬ ಇನ್ನೊಂದು ಪ್ರೋಟೀನ್ ಆ ತುಂಡಿನ ಒಂದು ಎಳೆಯನ್ನು ಇಟ್ಟುಕೊಂಡು, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎಯನ್ನು ತುಂಡರಿಸುತ್ತದೆ. ಆದರೂ ಗಿಡ ಸೋಲುವುದುಂಟು: ಕಟ್ಟೆ ವೈರಸ್ ಸೇರಿರುವ ಪೋಟಿವಿರಿಡೇ ಕುಟುಂಬದ ಹಲವು ವೈರಸ್‌ಗಳು ಈ ತುಂಡುಗಳನ್ನೇ ಹಿಡಿದಿಡುವ ಪ್ರೋಟೀನನ್ನು ಹೊಂದಿವೆ.