ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುವುದೇಕೆ?

ಪ್ರಶ್ನೆ: ನಮ್ಮ 1999ರ ಪೆಟ್ರೋಲ್ ಕಾರಿನಲ್ಲಿ ರಾತ್ರಿ ಬ್ರೇಕ್ ಒತ್ತಿದರೆ ಎಡಬದಿಯ ಹಿಂದಿನ ದೀಪ ಮಂಕಾಗುತ್ತದೆ, ಪಕ್ಕದ ಇಂಡಿಕೇಟರ್ ಸಣ್ಣಗೆ ಉರಿಯುತ್ತದೆ. ಬಲ್ಬ್ ಬದಲಿಸಿದರೂ ಸರಿಹೋಗಿಲ್ಲ. ಕಾರಣವೇನು?
– ಓದುಗರು, ಕುಂದಾಪುರ

ಉತ್ತರ: ನೀವು ಹೇಳಿರುವ ಲಕ್ಷಣಗಳು ಅರ್ತ್ ಸಂಪರ್ಕ (ದೀಪದಿಂದ ವಿದ್ಯುತ್ತು ಕಾರಿನ ಲೋಹದ ಬಾಡಿಗೆ ಹಿಂದಿರುಗುವ ದಾರಿ) ಕೆಟ್ಟಿರುವುದನ್ನು ಬಹುಮಟ್ಟಿಗೆ ಖಚಿತವಾಗಿ ಸೂಚಿಸುತ್ತವೆ. ಹಿಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಅರ್ತ್ ವೈರ್ ಇರುವುದರಿಂದ, ಅದು ತುಕ್ಕು ಹಿಡಿದಾಗ ಬ್ರೇಕ್ ದೀಪದ ವಿದ್ಯುತ್ತು ಹಿಂದಿರುಗುವ ದಾರಿ ಕಾಣದೆ ಪಕ್ಕದ ಬಲ್ಬಿನ ತಂತುವಿನ ಮೂಲಕ ಹರಿದು ಅದನ್ನು ಅರೆಬರೆ ಉರಿಸುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ ಆಗುತ್ತದೆ.

ಒಂದು ತುಂಡು ವೈರಿನ ಒಂದು ತುದಿಯನ್ನು ಹೋಲ್ಡರಿನ ಅರ್ತ್ ಭಾಗಕ್ಕೂ ಇನ್ನೊಂದನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೂ ತಾಗಿಸಿ, ಬೇರೊಬ್ಬರಿಂದ ಬ್ರೇಕ್ ಒತ್ತಿಸಿ. ದೀಪಗಳು ಸರಿಯಾಗಿ ಉರಿದರೆ ದೋಷ ಅಲ್ಲಿಯೇ ಇದೆ. ಅರ್ತ್ ಸ್ಕ್ರೂ ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹಸಿರುಗಟ್ಟಿದ ಹೋಲ್ಡರನ್ನು ಬದಲಿಸುವುದೇ ಒಳ್ಳೆಯದು.

ಹೊಸ ಬಲ್ಬನ್ನೂ ಒಮ್ಮೆ ನೋಡಿ. ಹಿಂದಿನ ದೀಪ ಮತ್ತು ಬ್ರೇಕಿಗೆ ಒಂದೇ ಬಲ್ಬ್ ಇದ್ದರೆ ಅದು ಎರಡು ತಂತುಗಳ 21/5 ವ್ಯಾಟ್ ಬಲ್ಬಾಗಿರಬೇಕು. ಅದರ ಪಕ್ಕದ ಎರಡು ಪಿನ್ನುಗಳು ಒಂದೇ ಎತ್ತರದಲ್ಲಿರುವುದಿಲ್ಲವಾದ್ದರಿಂದ ತಿರುವುಮುರುವಾಗಿ ಒತ್ತಿ ತೂರಿಸಬಾರದು.

ಮುಂದೆಂದಾದರೂ ಎರಡೂ ಬದಿಯ ಬ್ರೇಕ್ ದೀಪಗಳು ಒಟ್ಟಿಗೆ ಆರಿದರೆ ಮೊದಲು ಫ್ಯೂಸ್, ಬಳಿಕ ಪೆಡಲಿನ ಬಳಿಯ ಸ್ವಿಚ್ ಪರೀಕ್ಷಿಸಿ. ಫ್ಯೂಸ್ ಪದೇಪದೇ ಸುಟ್ಟರೂ ಹೆಚ್ಚಿನ ಆಂಪಿಯರಿನದನ್ನು ಹಾಕಲೇಬೇಡಿ, ವೈರಿಗೇ ಬೆಂಕಿ ಹತ್ತೀತು. ದುರಸ್ತಿಯಾಗುವ ತನಕ ದಯವಿಟ್ಟು ರಾತ್ರಿ ಹೆದ್ದಾರಿಗೆ ಕಾರು ಒಯ್ಯಬೇಡಿ.