ಫೇಲಾದದ್ದು ಏನು?

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ‘ಫಿಟ್ಟರ್’ ಎಂದೇ ಕರೆಯುತ್ತೇನೆ. ಕೆಲಸದ ಕಡೆ ಎಲ್ಲರೂ ಕರೆಯುವುದೂ ಹಾಗೆಯೇ.)

ಆಪ್ತಸಮಾಲೋಚಕಿಯಾದ ನನಗೆ ಮೊದಲು ಫೋನ್ ಮಾಡಿದ್ದು ಅವರ ಅಕ್ಕ. “ಮೇಡಮ್ರೀ, ಇಪ್ಪತ್ತು ದಿನ ಆತು. ನಮ್ಮ ತಮ್ಮ ಡ್ಯೂಟಿಗೆ ಹೋಗ್ತಾನ, ಬರ್ತಾನ, ಮಾತಾಡಂಗಿಲ್ಲ. ಒಂದು ರೊಟ್ಟಿ ತಿಂದ್ರ ಹೆಚ್ಚು. ರಾತ್ರಿಯೆಲ್ಲಾ ಮಾಳಿಗಿ ಮ್ಯಾಲೆ ಕುಂತಿರ್ತಾನ.” ಮಾಳಿಗೆ ಎಂಬ ಮಾತು ಕಿವಿಗೆ ಬಿದ್ದಕೂಡಲೇ, ನಾಳೆಯೇ ಕರಕೊಂಡು ಬರ್ರಿ ಅಂದೆ.

ಮೂವತ್ತರ ಒಳಗಿನ ಹುಡುಗ. ಐಟಿಐ ಮಾಡಿ, ಕೊಪ್ಪಳದ ಸುತ್ತಲಿನ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸ. ಕುರ್ಚಿಯ ತುದಿಗೆ ಕೂತು ಹೇಳಿದ್ದು ಒಂದೇ ಮಾತು: “ನಾ ಫೇಲ್ ರೀ ಮೇಡಮ್. ಟೋಟಲ್ ಫೇಲ್.”

ಮೊದಲ ದಿನ ಜೀವದ ಲೆಕ್ಕ ಮುಗಿಸಿಕೊಂಡೆ, ಉಳಿದದ್ದು ಆಮೇಲೆ. ಖಿನ್ನತೆ ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 14 ಬಂತು, ಅಂದರೆ ಮಧ್ಯಮ ಮಟ್ಟ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. “ಒಮ್ಮೊಮ್ಮೆ ಬರ್ತೈತ್ರಿ, ಮಾಡಂಗಿಲ್ಲ,” ಅಂದರು. ಹೇಗೆ, ಯಾವಾಗ ಎಂಬ ಯೋಜನೆ ಏನೂ ಇರಲಿಲ್ಲ. ಆದರೂ ಅವರ ಒಪ್ಪಿಗೆಯಿಂದಲೇ ಅಕ್ಕನನ್ನು ಒಳಗೆ ಕರೆದೆ. ರಾತ್ರಿ ಮಾಳಿಗೆ ಬಾಗಿಲಿಗೆ ಬೀಗ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇಬ್ಬರ ಮೊಬೈಲಿನಲ್ಲೂ, ಅದೇ ವಾರ ಮನೋವೈದ್ಯರ ಭೇಟಿ. ಇಷ್ಟಾದ ಮೇಲೆ ನಾನು ಒಂದು ತಪ್ಪು ಮಾಡಿದೆ. “ನೀವು ಫೇಲ್ ಅಲ್ಲ” ಎಂದು ಮೂರು ಸಲ ಹೇಳಿದೆ. ನಮ್ಮ ಕೆಲಸದವರಿಗೆ ಇದೊಂದು ಚಾಳಿ. ಅವರು ತಲೆಯಾಡಿಸಿ, ಇನ್ನೂ ಬಿಗಿಯಾಗಿ ಬಾಯಿ ಮುಚ್ಚಿಕೊಂಡರು.

ನಡೆದದ್ದು ಇಷ್ಟು. ಅದಿರು ಕಾಯಿಸುವ ಕುಲುಮೆ, ಅಂದರೆ ಕಿಲ್ನ್‌ನಿಂದ ಬಿಸಿ ಹೊಗೆ ಎಳೆಯುವ ದೊಡ್ಡ ಫ್ಯಾನ್ ಇರುತ್ತದೆ, ಐಡಿ ಫ್ಯಾನ್ ಅನ್ನುತ್ತಾರೆ. ಇವರ ನೈಟ್ ಶಿಫ್ಟಿನಲ್ಲಿ ಅದರ ಬೇರಿಂಗ್ ಹಿಡಿದುಕೊಂಡುಬಿಟ್ಟಿತು. ಹನ್ನೊಂದು ತಾಸು ಕಿಲ್ನ್ ಫೀಡ್ ಬಂದ್. ಬ್ರೇಕ್‌ಡೌನ್ ರಿಪೋರ್ಟಿನಲ್ಲಿ ‘ಕಾರಣ’ ಎಂಬ ಕಾಲಂ ಎದುರು ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂದು ಬರೆದು, ಕೆಳಗೆ ಇವರ ಹೆಸರು.

ಎರಡನೆಯ ಭೇಟಿಯಲ್ಲಿ ಕಾರ್ಖಾನೆಯ ಸುದ್ದಿಗೇ ಹೋಗಲಿಲ್ಲ. ಮನೆಯಲ್ಲಿ ಫೇಲ್ ಎಂಬ ಮಾತು ಯಾರು ಯಾರಿಗೆ ಅಂತಾರೆ ಎಂದು ಕೇಳಿದೆ. ಅಪ್ಪ ಮೂರು ಬೋರ್ ಕೊರೆಸಿದ್ದಾರೆ, ಎರಡರಲ್ಲಿ ಬರೀ ಧೂಳು. “ಬೋರ್ ಫೇಲಾತು” ಅಂತಾರೆ ಅಪ್ಪ, ನಾ ಫೇಲಾದೆ ಅನ್ನುವುದಿಲ್ಲ. ಸಾಲ ಮಾತ್ರ ಅಪ್ಪನದೇ. ತೊಗರಿ ಹೋದರೆ ಮಳೆ ಕೈಕೊಟ್ಟಿತು. ಟ್ರಾಕ್ಟರ್ ಇಳಿಜಾರಿನಲ್ಲಿ ನಿಲ್ಲದಿದ್ದರೆ ಬ್ರೇಕ್ ಫೇಲ್. ಈ ನುಡಿಗಳಲ್ಲೆಲ್ಲ ಕೆಟ್ಟದ್ದು ಒಂದು ವಸ್ತು ಅಥವಾ ಒಂದು ಹಂಗಾಮು. ಪರೀಕ್ಷೆಗೆ ಬಂದಾಗ ಮಾತ್ರ ನಮ್ಮ ಭಾಷೆ ಮನುಷ್ಯನನ್ನೇ ಹಿಡಿಯುತ್ತದೆ: “ಅಂವ ಟೆಂತ್ ಫೇಲ್.” ನಲವತ್ತು ವರ್ಷದವನಿಗೂ ಆ ಹಣೆಪಟ್ಟಿ ಹೋಗುವುದಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಪೂರಕ ಪರೀಕ್ಷೆ ಎಂಬುದನ್ನು ಬಿಟ್ಟು ಪರೀಕ್ಷೆ-1, 2, 3 ಎಂದು ಮಾಡಿದರು. ಒಳ್ಳೆಯದೇ. ಕಟ್ಟೆಯ ಮೇಲೆ ಕೂತವರ ಬಾಯಿಗೆ ಅದು ಇನ್ನೂ ತಲುಪಿಲ್ಲ.

ಆಗ ಅವರೇ ತುಂಗಭದ್ರಾ ಡ್ಯಾಮಿನ ಮಾತು ತೆಗೆದರು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇವರ ಊರಿನ ಅರ್ಧ ಮಂದಿ ಮುನಿರಾಬಾದಿಗೆ ಓಡಿದ್ದರಂತೆ. ಎಡದಂಡೆ ಕಾಲುವೆಯ ನೀರು ನಂಬಿದ ಊರು ಅದು. “ಚೈನ್ ಲಿಂಕ್ ತುಂಡಾತು ಅಂತ ಮೊದಲನೇ ದಿನಾನೇ ಎಲ್ಲಾರಿಗೂ ಗೊತ್ತಾತ್ರಿ. ಉಳಿದ ಗೇಟ್ ಎತ್ತಿ ನೀರು ಬಿಟ್ಟು ಭಾರ ಇಳಿಸಿದ್ರು. ಒಂದು ವಾರದಾಗ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ್ರು. ಮೂವತ್ಮೂರು ಗೇಟಿನಾಗ ಒಂದು ಹೋತು. ಡ್ಯಾಮ್ ಫೇಲಾತು ಅಂತ ಯಾರೂ ಅನ್ನಲಿಲ್ಲ. ನಮ್ಮಲ್ಲಿ ಒಂದು ಬೇರಿಂಗ್ ಹೋದ್ರ ನಾನೇ ಫೇಲ್.” ದನಿಯಲ್ಲಿ ಮೊದಲ ಸಲ ಸಿಟ್ಟು ಕೇಳಿಸಿತು. ನನಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತು.

ಮೂರನೆಯ ಸಲ ಬರುವಾಗ ಹಳೆ ಬನಿಯನ್ ಬಟ್ಟೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದಿದ್ದರು. ಬಿಚ್ಚಿ ನನ್ನ ಟೇಬಲ್ಲಿನ ಮೇಲಿಟ್ಟರು. ಒಡೆದ ಬೇರಿಂಗಿನ ಎರಡು ರೋಲರ್. ಹೆಬ್ಬೆರಳು ಗಾತ್ರದ, ನಡುವೆ ಉಬ್ಬಿದ ಉಕ್ಕಿನ ತುಂಡುಗಳು. ಬೇರಿಂಗ್ ನಂಬರ್ 22220, ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಶಾಫ್ಟಿನ ಅಳತೆ ಬರುತ್ತದೆ, ಇದು ನೂರು ಎಂಎಂದು ಎಂದು ವಿವರಿಸಿದರು. ಕಲಿಸುವಾಗ ಮುಖವೇ ಬೇರೆ. ಇನ್ನೊಂದು ಸಂಗತಿ ಹೇಳಿದರು: ಬೇರಿಂಗಿಗೆ ಬರೆಯುವ ಆಯಸ್ಸು ಗ್ಯಾರಂಟಿ ಅಲ್ಲ. ಇಷ್ಟು ಭಾರ, ಇಷ್ಟು ವೇಗಕ್ಕೆ ನೂರರಲ್ಲಿ ತೊಂಬತ್ತು ಆ ಆಯಸ್ಸು ಮುಟ್ಟುತ್ತವೆ, ಹತ್ತು ಅದಕ್ಕಿಂತ ಮೊದಲೇ ಹೋಗಬಹುದು ಎಂದು ತಯಾರಕರೇ ಲೆಕ್ಕ ಇಟ್ಟಿರುತ್ತಾರೆ. ಎಲ್‌ಟೆನ್ ಲೈಫ್ ಎಂದು ಅದಕ್ಕೆ ಹೆಸರು.

ನನಗೆ ಸಿಕ್ಕಿತು ಅಂದುಕೊಂಡೆ. “ಮತ್ತ, ಇದು ಆ ಹತ್ತರಾಗಿನ ಒಂದು ಇರಬಹುದಲ್ರಿ?”

ಅವರು ರೋಲರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಒಂದು ಮಗ್ಗುಲು ನವಿಲುಗರಿಯಂತೆ ನೀಲಿ. “ಇಲ್ರಿ. ಸುಸ್ತಾಗಿ ಹೋದ ಬೇರಿಂಗ್ ತಗ್ಗು ಬೀಳ್ತೈತಿ, ಹೆಕ್ಕಳಿಕಿ ಏಳ್ತೈತಿ. ಇದು ನೀಲಿ ಆಗೈತಿ. ಗ್ರೀಸ್ ಇಲ್ಲದ ಕಾದೈತಿ.” ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ನನ್ನ ಕಡೆ ನೋಡದೆ: “ಅವತ್ತು ಗ್ರೀಸ್ ಹೊಡ್ಯೂದು ನನ್ನ ಪಾಳಿ. ಗ್ರೀಸ್ ಒಳಗ ಬಿಡೂ ನಿಪ್ಪಲ್ ಜಾಮ್ ಆಗಿತ್ತು. ಗನ್ ಒತ್ತಿದ್ರ ಒಳಗ ಹೋಗ್ಲಿಲ್ಲ, ಹೊರಗ ಬರ್ತಿತ್ತು. ನಾಳಿ ನಿಪ್ಪಲ್ ಬದಲಿ ಮಾಡೂನು ಅಂದು ಟಿಕ್ ಹಾಕಿದ್ನಿ.”

ಇಪ್ಪತ್ತು ದಿನ ಮಾಳಿಗೆಯ ಮೇಲೆ ಕೂಡಿಸಿದ್ದು ಆ ಟಿಕ್.

ಈ ಪ್ರಕರಣ ಬರೆಯುವ ಮನಸ್ಸಾದದ್ದೇ ಇದಕ್ಕೆ. ‘ನಾನೇ ಫೇಲ್’ ಎಂಬುದನ್ನು ನಾವು ಅತಿಯಾದ ಸ್ವನಿಂದೆ ಎಂದು ತಿಳಿದು ಕಡಿಮೆ ಮಾಡಲು ಹೊರಡುತ್ತೇವೆ. ಇಲ್ಲಿ ಅದು ಅಡಗಲು ಒಂದು ಜಾಗವಾಗಿತ್ತು. ‘ಜಾಮಾದ ನಿಪ್ಪಲ್ ಎದುರು ಸುಳ್ಳು ಟಿಕ್ ಹಾಕಿದೆ’ ಅನ್ನುವುದಕ್ಕಿಂತ ‘ನನ್ನ ಬದುಕೇ ಫೇಲ್’ ಅನ್ನುವುದು ಸುಲಭ. ಮೊದಲನೆಯದಕ್ಕೆ ಯಾರಿಗಾದರೂ ಉತ್ತರ ಹೇಳಬೇಕು, ಎರಡನೆಯದಕ್ಕೆ ಹೇಳಬೇಕಿಲ್ಲ. ಎಂಜಿನಿಯರುಗಳು ಫೇಲ್ಯೂರ್ ಎನ್ನುವಾಗ ಯಾವ ಭಾಗ, ಅದು ಮಾಡಬೇಕಿದ್ದ ಕೆಲಸ ಏನು, ಯಾವ ಸ್ಥಿತಿಯಲ್ಲಿ ಮಾಡದೇ ಹೋಯಿತು ಎಂದು ಮೂರನ್ನೂ ಹೇಳಲೇಬೇಕು. ‘ಕಾರ್ಖಾನೆ ಫೇಲ್’ ಎಂದು ಬರೆದುಕೊಟ್ಟರೆ ಯಾವ ಮೇಲಧಿಕಾರಿಯೂ ಸಹಿ ಹಾಕುವುದಿಲ್ಲ. ಹಾಗೆ ನೋಡಿದರೆ ಆ ರಿಪೋರ್ಟೂ ಅದೇ ತಪ್ಪು ಮಾಡಿತ್ತು: ಬುಡದ ಕಾರಣ ಸಿಗುವತನಕ ‘ಯಾಕೆ’, ‘ಯಾಕೆ’ ಎಂದು ಐದು ಸಲ ಕೇಳಬೇಕಾದಲ್ಲಿ, ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂದು ಮೊದಲನೇ ‘ಯಾಕೆ’ಗೇ ನಿಂತುಬಿಟ್ಟಿತ್ತು. ಯಂತ್ರದ ಹೋಲಿಕೆ ಪೂರಾ ಕೂಡುವುದೂ ಇಲ್ಲ. ಬೇರಿಂಗಿಗೆ ನಾಚಿಕೆ ಇರುವುದಿಲ್ಲ, ಅದು ತನ್ನ ನೀಲಿಯನ್ನು ಮುಚ್ಚಿಡುವುದಿಲ್ಲ.

ಅಲ್ಲೇ ಒಂದು ಹಾಳೆ ಕೊಟ್ಟು, ಕೆಲಸದಲ್ಲಿ ತುಂಬುವಂತೆ ಐದು ‘ಯಾಕೆ’ ತುಂಬಲು ಹೇಳಿದೆ. ಒಂದು ತಾಸು ತಗೊಂಡರು. ಬೇರಿಂಗ್ ಯಾಕೆ ಹಿಡೀತು, ಗ್ರೀಸ್ ಇರಲಿಲ್ಲ. ಯಾಕಿರಲಿಲ್ಲ, ನಿಪ್ಪಲ್ ಜಾಮ್. ಯಾಕೆ ಯಾರಿಗೂ ಗೊತ್ತಾಗಲಿಲ್ಲ, ಟಿಕ್ ಇತ್ತು. ಟಿಕ್ ಯಾಕೆ ಹಾಕಿದಿರಿ, ‘ಆಗಿಲ್ಲ’ ಎಂದು ಬರೆಯಲು ಚೆಕ್‌ಲಿಸ್ಟಿನಲ್ಲಿ ಕಾಲಂ ಇಲ್ಲ, ಖಾಲಿ ಬಿಟ್ಟರೆ ಬೈಗುಳ. ಐದನೆಯದಕ್ಕೆ ಬೇರೆ ಸಂಗತಿ ಬಂತು: ಮೂರು ದಿನ ಮುಂಚೆ ಲಾಗ್‌ಬುಕ್ಕಿನಲ್ಲಿ ಇವರೇ ‘ಫ್ಯಾನ್ ಬೇರಿಂಗ್ ಸೌಂಡ್’ ಎಂದು ಬರೆದಿದ್ದರು. ನಿಲ್ಲಿಸುವ ನಿರ್ಧಾರ ಇವರದಲ್ಲ, ಪ್ರೊಡಕ್ಷನ್‌ನವರು ನಿಲ್ಲಿಸಲಿಲ್ಲ. ಹಾಳೆಯ ಮೇಲೆ ನಾಲ್ಕಾರು ಕೈಗಳು ಕಂಡವು, ಅದರಲ್ಲಿ ಒಂದು ಇವರದು. ಅದನ್ನು ಅಳಿಸಲು ನಾನೂ ಹೋಗಲಿಲ್ಲ, ಅವರೂ ಹೋಗಲಿಲ್ಲ.

ಕೊಟ್ಟ ಸಲಹೆ ಹೆಚ್ಚೇನಲ್ಲ. ‘ನಾ ಫೇಲ್’ ಎಂಬುದು ತಲೆಗೆ ಬಂದಾಗೆಲ್ಲ ಅದರ ಜೊತೆ ವಾದ ಮಾಡಬೇಡಿ, ಪಾಕೆಟ್ ಡೈರಿಯಲ್ಲಿ ‘ಏನು, ಯಾವಾಗ, ಎಷ್ಟು’ ಎಂದು ಮೂರೇ ಮಾತು ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ಅಂದು ನಿದ್ದೆಗೆಟ್ಟಿದ್ದೀರಿ ಎಂದು ತಿಳಿಯಿರಿ. ನೈಟ್ ಶಿಫ್ಟ್ ಮುಗಿಸಿ ಬಂದ ಮೇಲೆ ಚಹಾ ಬೇಡ, ಊಟ ಮಾಡಿ ಮಲಗಿ. ಟಿಕ್ಕಿನ ಸಂಗತಿ ಒಪ್ಪಿಕೊಳ್ಳಬೇಕೋ ಬೇಡವೋ ನಾನು ಹೇಳುವಂತಿಲ್ಲ, ನೌಕರಿಯ ಪ್ರಶ್ನೆ. ನೀವು ನಂಬುವ ಹಿರಿಯ ಫೋರ್‌ಮನ್ ಒಬ್ಬರನ್ನು ಕೇಳಿ. ಹೇಳುವುದಾದರೆ ಬರಹದಲ್ಲಿ ಹೇಳಿ, ನಿಪ್ಪಲ್ ಮತ್ತು ಲಾಗ್‌ಬುಕ್ ಎರಡನ್ನೂ ಸೇರಿಸಿ. ಮೆಮೊ ಬರಬಹುದು ಎಂದೂ ಹೇಳಿದೆ, ಬರುವುದಿಲ್ಲ ಎಂದು ಧೈರ್ಯ ತುಂಬಲಿಲ್ಲ. ಅಕ್ಕನಿಗೆ ಮಾತ್ರ ಬೇರೆ ಮಾತು: “ಏನಾತಪ್ಪಾ ಅಂತ ಕೇಳಬ್ಯಾಡ್ರಿ, ಊಟಕ್ಕ ಕರೀರಿ.”

ಬರೆದುಕೊಟ್ಟರು. ಮೆಮೊ ಬಂತು. ಚೆಕ್‌ಲಿಸ್ಟಿಗೆ ಕಾಲಂ ಬರಲಿಲ್ಲ. ಆರನೆಯ ವಾರ ಅದೇ ಒಂಬತ್ತು ಪ್ರಶ್ನೆಗಳಲ್ಲಿ 6 ಬಂತು, ಒಂಬತ್ತನೆಯದಕ್ಕೆ ಸೊನ್ನೆ. ಮನೋವೈದ್ಯರು ಮಾತ್ರೆ ಬೇಡ ಎಂದಿದ್ದರು, ತಿಂಗಳಿಗೊಮ್ಮೆ ನೋಡುತ್ತಿದ್ದಾರೆ. ಈಗ ಗ್ರೀಸ್ ಹೋಗದ ಕಡೆ ಟಿಕ್ ಬದಲು ಪೆನ್ನಿನಲ್ಲಿ ‘ಆಗಿಲ್ಲ, ನಿಪ್ಪಲ್ ಜಾಮ್’ ಎಂದು ಬರೆಯುತ್ತಾರಂತೆ. ಅದಕ್ಕೆ ಸೂಪರ್‌ವೈಸರ್ ಬೈಯುತ್ತಾರೆ. ಬೈಸಿಕೊಂಡ ದಿನ ನನಗೆ ಫೋನ್ ಬರುತ್ತದೆ, ಐದು ನಿಮಿಷ ಮಾತಾಡಿ, ಊಟಕ್ಕೆ ಕರೀತಾರೆ ಎಂದು ಇಡುತ್ತಾರೆ.